ಹೌದು ಎಂದವರು ಯಾರು?

ತೆಂಗಳಿಯಂಥ ತೊಗರಿ ಸೀಮೆಯ ಊರಿನಲ್ಲಿ ಎತ್ತಿಗೆ ವಯಸ್ಸಾದರೆ ರೈತ ಒಂದು ಲೆಕ್ಕ ಹಾಕುತ್ತಾನೆ. ಅದನ್ನು ಮಾರಿ, ಬಂದ ಹಣಕ್ಕೆ ಇನ್ನಷ್ಟು ಸೇರಿಸಿ ಹೊಸ ಎತ್ತು ತರಬೇಕು. 1964ರ ಕಾಯ್ದೆ ಈ ಲೆಕ್ಕಕ್ಕೆ ಎಡೆ ಬಿಟ್ಟಿತ್ತು. 12 ವರ್ಷ ಮೀರಿದ ಎತ್ತು, ಎಮ್ಮೆ, ಕೋಣಗಳ ವಧೆಗೆ ಪ್ರಮಾಣಪತ್ರ ಸಿಗುತ್ತಿತ್ತು. 2020ರ ಗೋಹತ್ಯೆ ನಿಷೇಧ ಕಾಯ್ದೆ 13 ವರ್ಷ ಮೀರಿದ ಎಮ್ಮೆ, ಕೋಣಗಳನ್ನಷ್ಟೇ ಹೊರಗಿಟ್ಟಿತು. ತಪ್ಪಿದವರಿಗೆ 7 ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ಗೋಹತ್ಯೆಯ ಪರ-ವಿರೋಧದ ವಾದಕ್ಕೆ ನಾವು ಇಲ್ಲಿ ಇಳಿಯುವುದಿಲ್ಲ. ರೈತರ, ಖುರೇಷಿ ಕುಟುಂಬಗಳ ಬದುಕನ್ನು ಬದಲಿಸಿದ ಮಾತಿಗೆ ಹೌದು ಎಂದವರು ಯಾರಿಗೆ ಉತ್ತರ ಹೇಳಬೇಕು? ನಮ್ಮನ್ನು ಕಾಡುವುದು ಈ ಪ್ರಶ್ನೆ.

ಮಸೂದೆಯನ್ನು ಮಂಡಿಸಬೇಕು, ಪರ್ಯಾಲೋಚಿಸಬೇಕು, ಒಂದೊಂದೇ ಖಂಡವನ್ನು ನೋಡಿ ಅಂಗೀಕರಿಸಬೇಕು. ಇನ್ನೊಂದು ಸದನವೂ ಹಾಗೆಯೇ ಮಾಡಿದ ಮೇಲೆ ರಾಜ್ಯಪಾಲರ ಅಂಕಿತ. ಸದನಕ್ಕೆ ಬರಲಾಗದವನ ಕಷ್ಟವೂ ಯಾರದಾದರೂ ಬಾಯಿಂದ ಕೇಳಿಬರಲಿ ಎಂದೇ ಇಷ್ಟು ನಿಧಾನ. ಆದರೆ 2020ರ ಡಿಸೆಂಬರ್ 9ರಂದು ವಿಧಾನಸಭೆ ಗದ್ದಲದ ನಡುವೆ ಚರ್ಚೆಯಿಲ್ಲದೆ ಮಸೂದೆಯನ್ನು ಅಂಗೀಕರಿಸಿತು. ಪರಿಷತ್ತಿನ ಒಪ್ಪಿಗೆಗೆ ಕಾಯದೆ ಜನವರಿಯಲ್ಲಿ ಸುಗ್ರೀವಾಜ್ಞೆ ಬಂತು. 2021ರ ಫೆಬ್ರವರಿ 8ರಂದು ಪರಿಷತ್ತೂ ಧ್ವನಿಮತದಿಂದ ಒಪ್ಪಿತು.

ಧ್ವನಿಮತವೆಂದರೆ ಪರ ಇದ್ದವರು ಹೌದು ಎನ್ನುವುದು, ವಿರೋಧವಿದ್ದವರು ಇಲ್ಲ ಎನ್ನುವುದು, ಯಾವ ಸದ್ದು ಹೆಚ್ಚೆಂದು ಪೀಠ ತೀರ್ಮಾನಿಸುವುದು. ಸಣ್ಣಪುಟ್ಟ ತಿದ್ದುಪಡಿಗಳಿಗೆ ಇದು ಅನುಕೂಲ, ತಪ್ಪೇನಿಲ್ಲ. ಆದರೆ ಯಾರು ಏನೆಂದರು ಎಂಬುದು ದಾಖಲಾಗುವುದಿಲ್ಲ. ಮತ ವಿಭಜನೆಯಾದರೆ ಮಾತ್ರ ಹೆಸರು ಉಳಿಯುತ್ತದೆ.

ಪಕ್ಷದ ವಿಪ್ ಇರುವಾಗ ಹೆಸರಿನಿಂದ ಏನು ಲಾಭ ಎಂದು ಕೇಳುವವರಿದ್ದಾರೆ. ಫಲಿತಾಂಶ ಬದಲಾಗದು, ನಿಜ. ಆದರೆ ಹೊಣೆಯನ್ನು ಗುಂಪಿನಲ್ಲಿ ಕರಗಿಸಲು ಬರುವುದಿಲ್ಲ. ಹತ್ತು ಜನರ ನಡುವೆ ನಿಂತು ಹೇಳಿದ ಮಾತಿಗೂ ಹೇಳಿದವನೇ ಜವಾಬ್ದಾರ. ಸಭಾತ್ಯಾಗ ಮಾಡುವವರಿಗೂ ಇದು ಅನ್ವಯಿಸುತ್ತದೆ; ಹೊರನಡೆಯುವಾಗ ಅವರು ನಮ್ಮ 'ಇಲ್ಲ'ವನ್ನೂ ಜೊತೆಗೇ ಒಯ್ಯುತ್ತಾರೆ.

ಹಾಗಾದರೆ ಇಂಥ ಕಾನೂನನ್ನು ಪಾಲಿಸಬೇಕೇ? ಪಾಲಿಸಬೇಕು ಎಂದೇ ನಾವು ಹೇಳುತ್ತೇವೆ. ಇಲ್ಲವಾದರೆ ಗೇಣಿದಾರನಿಗೆ ಭೂಮಿ ಕೊಟ್ಟ 1974ರ ಭೂಸುಧಾರಣಾ ತಿದ್ದುಪಡಿಯನ್ನು ಜಮೀನ್ದಾರರೂ ನಮ್ಮದಲ್ಲ ಎನ್ನಬಹುದಿತ್ತು. ಪಾಲಿಸುತ್ತಲೇ ಕೇಳುವ ಹಕ್ಕನ್ನು ಮಾತ್ರ ಬಿಟ್ಟುಕೊಡಲಾಗದು. ಪರಿಷತ್ತಿನ 75 ಸದಸ್ಯರಲ್ಲಿ 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳು ಆರಿಸುತ್ತವೆ; ಹಳ್ಳಿಯ ಪಂಚಾಯಿತಿ ಸದಸ್ಯರೂ ಅದಕ್ಕೆ ಮತ ಹಾಕುತ್ತಾರೆ. ಮುಂದಿನ ಸಲ ಮತ ಕೇಳಲು ಬಂದವರನ್ನು ಕಟ್ಟೆಯ ಮೇಲೆ ಕೂರಿಸಿ, ಚಹಾ ಕೊಟ್ಟು, ಅಂದು ನೀವು ಏನೆಂದಿರಿ ಎಂದು ಆ ಸದಸ್ಯರು ಕೇಳಬಹುದು.