ಸುತ್ತು ದಾರಿಯ ರೈಲು

ನಮ್ಮೂರಿನ ಬಸ್ಸು ಮೇನ್ ರೋಡ್ ಬಿಟ್ಟು, ಎರಡು ಹಳ್ಳಿ ಸುತ್ತಿ, ಆಮೇಲೆ ತಾಲ್ಲೂಕು ಸೇರುತ್ತಿತ್ತು. ನೇರ ಹೋಗುವವರಿಗೆ ಅರ್ಧ ಗಂಟೆ ದಂಡ. ಅವರು ಕಂಡಕ್ಟರನ್ನ ಬೈಯೋರು. ಆ ಬೈಗುಳ ಕೇಳ್ತಾನೇ ನಾನು ಹೈಸ್ಕೂಲು ಮುಗಿಸಿದ್ದು.

ಅಮೆರಿಕದ ಬೋಸ್ಟನ್ನಿನ ದಕ್ಷಿಣಕ್ಕಿರುವ ರೈಲಿನ ಕತೆ ಓದುವಾಗ ಆ ಬಸ್ಸು ನೆನಪಾಯ್ತು. ಫಾಲ್ ರಿವರ್, ನ್ಯೂ ಬೆಡ್‌ಫರ್ಡ್ ಅಂತ ಎರಡು ಊರು. ಹತ್ತಿ ಗಿರಣಿ, ತಿಮಿಂಗಿಲ ಬೇಟೆಯಿಂದ ಒಂದು ಕಾಲಕ್ಕೆ ಮೆರೆದವು. 1959ರ ಹೊತ್ತಿಗೆ ಬೋಸ್ಟನ್ನಿಗೆ ಹೋಗುವ ಪ್ಯಾಸೆಂಜರ್ ರೈಲು ನಿಂತುಹೋಯಿತು. ಮತ್ತೆ ಓಡಿಸೋಣ ಎಂದು ಹೊರಟಾಗ ಜಗಳ ಬಂದದ್ದು ದಾರಿಯ ಮೇಲೆ. ಸ್ಟೌಟನ್ ಮೂಲಕ ಹೋದರೆ ನೇರ, ಬೇಗ; ಆದರೆ ಹಾಕಮಾಕ್ ಎಂಬ ದೊಡ್ಡ ಜೌಗು ಪ್ರದೇಶ ದಾಟಬೇಕು, ವರ್ಷಗಟ್ಟಲೆ ಕಾಯಬೇಕು. ಮಿಡ್ಲ್‌ಬರೋ ಮೂಲಕ ಸುತ್ತು. ಆದರೆ ಹಳಿ ಬಹುಪಾಲು ಇದ್ದದ್ದೇ. ಅದಕ್ಕೂ ಒಂದು ತೊಡಕು: ಬೋಸ್ಟನ್ ಹತ್ತಿರ ಆ ಮಾರ್ಗ ಅಲ್ಲಲ್ಲಿ ಒಂಟಿ ಹಳಿ, ಬೇರೆ ಊರಿನ ರೈಲುಗಳೂ ಅದರ ಮೇಲೇ ಓಡಬೇಕು. ಕೊನೆಗೆ ಸುತ್ತು ದಾರಿ ಮೊದಲ ಹಂತವಾಯಿತು, ನೇರ ದಾರಿ ಎರಡನೇ ಹಂತಕ್ಕೆ ಹೋಯಿತು. 2025ರ ಮಾರ್ಚ್ 24ರಂದು ರೈಲು ಬಂತು.

'ಮೊದಲು ರಿಲೀಸ್ ಮಾಡು, ಆಮೇಲೆ ಸರಿಮಾಡು' ಅನ್ನೋ ನಮ್ಮ ಸಾಫ್ಟ್‌ವೇರ್ ಬುದ್ಧಿಗೆ ಇದು ಸಲೀಸಾಗಿ ಒಪ್ಪುತ್ತೆ. ಆದರೆ ಎರಡನೇ ಹಂತ ಅಂದ್ರೆ ಏನು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ರಿಲೀಸ್ ಆದ ಮರುದಿನದಿಂದ ಅದು ಬ್ಯಾಕ್‌ಲಾಗಿನ ತಳಕ್ಕೆ ಇಳಿಯುತ್ತೆ. ಬೆಲೆ ತೆತ್ತವರೂ ಬೇರೆಯವರೇ. ಹೊಸ ಮಾರ್ಗಕ್ಕಾಗಿ ಮಿಡ್ಲ್‌ಬರೋ-ಲೇಕ್‌ವಿಲ್ ಸ್ಟೇಷನ್ನಿನಲ್ಲಿ ದಿನನಿತ್ಯದ ರೈಲು ನಿಲ್ಲಿಸಿದರು. ರೈಲು ಹತ್ತಿರ ಇದೆ ಅಂತಲೇ ಅಲ್ಲಿ ಮನೆ ಮಾಡಿದವರ ಗತಿ?

ಹಾಗಂತ ಕಾಯುವುದು ನ್ಯಾಯವೇ? 'ಒಳ್ಳೇ ದಾರಿಗೆ ಕಾಯೋಣ' ಎನ್ನುವವರ ಮನೆ ಮುಂದೆ ಸಾಮಾನ್ಯವಾಗಿ ಕಾರು ನಿಂತಿರುತ್ತೆ. ರೈಲಿಲ್ಲದೆ ಕೆಲಸ ಬಿಟ್ಟವರಿಗೆ, ಕಾಯುತ್ತಲೇ ಮುದುಕರಾದವರಿಗೆ ಆ ವರ್ಷಗಳನ್ನು ಯಾರೂ ವಾಪಸ್ ಕೊಡಲ್ಲ. ಹಾಗಾಗಿ ನನ್ನ ಓಟು ಸುತ್ತು ದಾರಿಗೇ. ಆದರೆ ಎರಡನೇ ಹಂತವನ್ನು ಆಸೆ ಅನ್ನಬಾರದು, ಸಾಲ ಅನ್ನಬೇಕು. ಸಾಲಕ್ಕೆ ವಾಯಿದೆ ಇರುತ್ತೆ. ಬೇರೆಯವರ ಸ್ಟೇಷನ್ ಮುಚ್ಚಿ ಎತ್ತಿದ ಸಾಲಕ್ಕಂತೂ ಇರಲೇಬೇಕು.

ಇಷ್ಟು ಬರೆದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ಹೋದ ತಿಂಗಳು ಆಫೀಸ್ ಕ್ಯಾಬಿಗೆ ಇನ್ನೊಂದು ಸ್ಟಾಪ್ ಸೇರಿಸೋಣ ಅಂದಾಗ, 'ಹದಿನೈದು ನಿಮಿಷ ಜಾಸ್ತಿ ಆಗುತ್ತಲ್ರೀ' ಅಂತ ಮೊದಲು ಗೊಣಗಿದವನು ನಾನೇ.