ಟೇಪು ಕೊರಳಲ್ಲೇ ಇರಲಿ

ಫ್ಯಾಷನ್ ವೀಕ್‌ನಲ್ಲಿ ಕ್ಯಾಮೆರಾಗಳಿಗೆ ಬರವಿಲ್ಲ. ರ‍್ಯಾಂಪಿನ ತುದಿಯಲ್ಲಿ ಕಟ್ಟಿದ ಅಟ್ಟಣೆಯ ಮೇಲೆ ಫೋಟೊಗ್ರಾಫರ್‌ಗಳು ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿರುತ್ತಾರೆ. ಮಾಡೆಲ್ ನಡೆದು ಬಂದು, ಎರಡು ಕ್ಷಣ ನಿಂತು, ತಿರುಗಿ ಹೋಗುವಷ್ಟರಲ್ಲಿ ನೂರಾರು ಚಿತ್ರ. ಅವುಗಳಲ್ಲಿ ಸೀರೆಯ ಅಂಚು, ನೆರಿಗೆ, ತೋಳಿನ ಕಸೂತಿ ಎಲ್ಲ ನಿಚ್ಚಳ; ಮುಖ ಮಾತ್ರ ಯಾರದಾದರೂ ಆದೀತು. ತೋರಿಸಬೇಕಾದದ್ದು ಬಟ್ಟೆಯಾದ್ದರಿಂದ ಅದರಲ್ಲಿ ತಪ್ಪೇನಿಲ್ಲ. ಅದೇ ಸಭಾಂಗಣದ ಹಿಂದಿನ ಕೋಣೆಯಲ್ಲಿ ಒಂದು ಕುರ್ಚಿ ಹಾಕಿಕೊಂಡು, ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಭಾವಚಿತ್ರ ತೆಗೆಯುವವರೊಬ್ಬರ ಜೊತೆ ಆ ವಾರ ನಾನು ಸಹಾಯಕನಾಗಿದ್ದೆ.

ಜಯನಗರದ ಮನೆಯ ಮಹಡಿಯನ್ನೇ ಸ್ಟುಡಿಯೊ ಮಾಡಿಕೊಂಡಿರುವ ಹಿರಿಯರು ಅವರು. ನನ್ನ ಕೆಲಸ ಥರ್ಮೋಕೋಲ್ ಹಲಗೆ ಹಿಡಿಯುವುದು. ಕಿಟಕಿಯ ಬೆಳಕು ಮುಖದ ಒಂದು ಬದಿಗೆ ಬೀಳುತ್ತದೆ, ಇನ್ನೊಂದು ಬದಿ ಕತ್ತಲಾಗುತ್ತದೆ. ಆ ಕತ್ತಲ ಕಡೆ ಬಿಳಿ ಹಲಗೆ ಹಿಡಿದರೆ ಕೆನ್ನೆಯ ಗೆರೆಗಳು ಮೆಲ್ಲನೆ ಕಾಣಿಸಿಕೊಳ್ಳುತ್ತವೆ. ಒಂದು ಗೇಣು ಹತ್ತಿರ ತಂದರೆ ಮುಖ ಚಪ್ಪಟೆ, ಒಂದು ಗೇಣು ದೂರ ಹೋದರೆ ಮತ್ತೆ ಕಪ್ಪು. ‘ಕಣ್ಣು ನೋಡು, ಹಲಗೆ ನೋಡಬೇಡ’ ಎನ್ನುತ್ತಿದ್ದರು. ಕಣ್ಣಗುಡ್ಡೆಯಲ್ಲಿ ಕಿಟಕಿಯ ಚಿಕ್ಕ ಬಿಳಿ ಚೌಕ ಮೂಡಿದ ಮೇಲೇ ಅವರ ಬೆರಳು ಗುಂಡಿಯ ಮೇಲೆ ಹೋಗುತ್ತಿತ್ತು. ಅದಿಲ್ಲದ ಕಣ್ಣಿಗೆ ಜೀವ ಇರುವುದಿಲ್ಲ.

ಅವರಿಗೆ ಒಪ್ಪಿಸಿದ್ದು ವಸ್ತ್ರವಿನ್ಯಾಸಕರ ಭಾವಚಿತ್ರ. ಆದರೆ ಶೋ ದಿನ ವಿನ್ಯಾಸಕರಿಗೆ ಕೂರಲು ಪುರಸೊತ್ತಾದರೂ ಎಲ್ಲಿ? ಕುರ್ಚಿ ಖಾಲಿಯೇ ಇರುತ್ತಿತ್ತು. ಆಗ ಅವರು ಸುತ್ತಲಿದ್ದವರನ್ನು ಕರೆಯತೊಡಗಿದರು. ಇಸ್ತ್ರಿ ಮಾಡುವ ಹುಡುಗ, ಮಾಡೆಲ್‌ಗಳಿಗೆ ಸೀರೆ ಉಡಿಸುವಾಕೆ, ಬಿಚ್ಚಿದ ಹೊಲಿಗೆಯನ್ನು ನಿಂತ ನಿಲುವಿನಲ್ಲೇ ಹಾಕುವ ಆಲ್ಟ್ರೇಷನ್‌ನವರು. ಮೇಕಪ್ ಒರೆಸಿಕೊಂಡ ಕೆಲವು ಮಾಡೆಲ್‌ಗಳೂ ಬಂದರು, ಬಿಟಿಎಂ ಲೇಔಟ್‌ನ ಪಿ.ಜಿ.ಗಳಲ್ಲಿದ್ದು ಓದುವ ಮಕ್ಕಳು.

ಇಂಥದ್ದೊಂದು ಕೆಲಸ 1950ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದಿತ್ತು. ‘ವೋಗ್’ ಪತ್ರಿಕೆ ಅಮೆರಿಕದ ಅರ್ವಿಂಗ್ ಪೆನ್ ಅವರನ್ನು ಅಲ್ಲಿಯ ದುಬಾರಿ ಉಡುಪುಗಳ ಚಿತ್ರ ತೆಗೆಯಲು ಕಳಿಸಿತ್ತು. ಮಹಡಿಯ ಮೇಲಿನ ಸ್ಟುಡಿಯೊ, ಉತ್ತರದ ಕಿಟಕಿಯ ಬೆಳಕು, ಹಿಂದೆ ನಾಟಕದ ಒಂದು ಹಳೆಯ ಪರದೆ. ಉಡುಪುಗಳ ಚಿತ್ರಗಳ ನಡುವೆ ಪೆನ್ ಅದೇ ಪರದೆಯ ಮುಂದೆ ಪ್ಯಾರಿಸ್ಸಿನ ಕಸುಬುದಾರರನ್ನು ನಿಲ್ಲಿಸಿದರು. ಕಟುಕರು, ಗಾಜು ಹಾಕುವವರು, ಅಡುಗೆಯವರು, ಎಲ್ಲರೂ ಕೆಲಸದ ಬಟ್ಟೆಯಲ್ಲಿ, ಕೈಯಲ್ಲಿ ತಮ್ಮ ತಮ್ಮ ಸಲಕರಣೆ. ಮುಂದೆ ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಇದನ್ನೇ ಮಾಡಿದರು. ಪ್ಯಾರಿಸ್ಸಿನವರು ಇದರಲ್ಲೇನೋ ಮಸಲತ್ತಿದೆ ಎಂದು ಅನುಮಾನಪಟ್ಟರಂತೆ. ಲಂಡನ್ನಿನವರಿಗೆ ಕೆಲಸದ ಬಟ್ಟೆಯಲ್ಲಿ ನಿಲ್ಲುವುದು ಸಹಜವೆನಿಸಿತಂತೆ. ನ್ಯೂಯಾರ್ಕಿನ ಕೆಲವರು ಗಡ್ಡ ಹೆರೆದುಕೊಂಡು ಭಾನುವಾರದ ಸೂಟು ತೊಟ್ಟು ಬಂದರಂತೆ. ಆ ಚಿತ್ರಗಳಲ್ಲಿ ಕಸುಬುದಾರರಿಗೂ ಉಡುಪು ತೊಟ್ಟ ಸುಂದರಿಯರಿಗೂ ಸಿಕ್ಕಿದ್ದು ಒಂದೇ ಬೆಳಕು, ಒಂದೇ ಪರದೆ. ಪೆನ್ 2009ರಲ್ಲಿ ತೀರಿಕೊಂಡರು. ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಕಸುಬುದಾರರ ಸಾಲೇ.

ಮುಖ ತೊಳೆದು, ಪೌಡರ್ ಹಾಕಿ, ತಲೆ ಬಾಚಿಕೊಂಡು ಬಂದು ಕೂರುವುದು ನಮ್ಮವರ ರೀತಿ. ಜಯನಗರ ನಾಲ್ಕನೇ ಬ್ಲಾಕ್‌ನ ಬ್ಲೌಸ್ ಅಂಗಡಿಯೊಂದರಿಂದ ಆ ವಾರಕ್ಕೆಂದು ಬಂದಿದ್ದ ಅಕ್ಕ ಮೊದಲು ಒಪ್ಪಲೇ ಇಲ್ಲ. ‘ಡ್ರೆಸ್ ಫೋಟೊ ಹೊಡ್ಕೊಳ್ಳಿ ಸಾರ್, ನಂದ್ಯಾಕೆ?’ ಅಂದರು. ಹಿರಿಯರು ಒತ್ತಾಯ ಮಾಡಲಿಲ್ಲ, ಟೀ ತರಿಸಿದರು. ಟೀ ಮುಗಿದ ಮೇಲೆ ಆಕೆಯೇ ಎದ್ದು ಹೋಗಿ ಮುಖ ತೊಳೆದು ಬಂದರು. ಕೊರಳಲ್ಲಿದ್ದ ಅಳತೆ ಟೇಪನ್ನು ತೆಗೆದು ಮಡಚಿ ಕೈಯಲ್ಲಿಟ್ಟುಕೊಂಡರು. ಸೆರಗಿನ ತುದಿಯಲ್ಲಿ ಸಾಲಾಗಿ ಚುಚ್ಚಿದ್ದ ಪಿನ್ನುಗಳನ್ನೂ ತೆಗೆಯಹೊರಟಾಗ ಹಿರಿಯರು, ‘ಟೇಪು ಕೊರಳಲ್ಲೇ ಇರ್ಲಿ ಅಕ್ಕ, ಪಿನ್ನೂ ಇರ್ಲಿ. ಬೇಡ ಅನ್ಸಿದ್ರೆ ತೆಗೀರಿ’ ಅಂದರು. ಆಕೆ ಸ್ವಲ್ಪ ಯೋಚಿಸಿ ಟೇಪನ್ನು ಮತ್ತೆ ಹಾಕಿಕೊಂಡು, ಎರಡೂ ತುದಿ ಸರಿಸಮ ಮಾಡಿಕೊಂಡರು. ಅಳತೆ ತೆಗೆದು ಪಳಗಿದ ಕೈ. ಕೂತಿದ್ದಾಗ ಎಡಗೈ ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿದ ಚರ್ಮ ಕಿಟಕಿಯ ಬೆಳಕಿಗೆ ಮಿರಮಿರ ಮಿಂಚುತ್ತಿತ್ತು.

ಆಕೆ ಮೊದಲು ಬೊಮ್ಮನಹಳ್ಳಿ ಕಡೆ ‘ಗಾರ್ಮೆಂಟ್ಸ್‌ಗೆ ಹೋಗ್ತಿದ್ದವರು’. ಅಲ್ಲಿ ಒಬ್ಬರು ಕಾಲರ್ ಕೂರಿಸಿದರೆ ಇನ್ನೊಬ್ಬರು ಜೇಬು, ಮತ್ತೊಬ್ಬರು ತೋಳು. ಗಂಟೆಗಿಷ್ಟು ಪೀಸ್ ಎಂದು ಟಾರ್ಗೆಟ್. ಆಕೆಯದು ಕಾಲರ್. ‘ಅಷ್ಟು ವರ್ಷದಲ್ಲಿ ಇಡೀ ಶರ್ಟ್ ಅಂತ ಹೊಲ್ದಿದ್ದು ನನ್ನ ಮಗಂಗೆ ಮಾತ್ರ ಸಾರ್’ ಅಂದರು. ಆ ಮಾತು ಆಡುವಾಗಲೇ ಕ್ಯಾಮೆರಾ ಕ್ಲಿಕ್ ಅಂದಿತು.

ಬೆಂಗಳೂರಿನಲ್ಲಿ ಫ್ಯಾಷನ್ ವೀಕ್ ಶುರುವಾದದ್ದು 2009ರಲ್ಲಿ. ಈ ಊರು ಅದಕ್ಕೂ ಬಹಳ ಮೊದಲೇ ದೇಶವಿದೇಶಕ್ಕೆ ಬಟ್ಟೆ ಹೊಲಿದು ಕಳಿಸುತ್ತಿತ್ತು. ಹೊಸೂರು ರಸ್ತೆ, ಬನ್ನೇರುಘಟ್ಟ ರಸ್ತೆ, ಮೈಸೂರು ರಸ್ತೆಗಳ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ, 2016ರ ಏಪ್ರಿಲ್ 18 ಮತ್ತು 19ರಂದು ಇವರು ಸಾವಿರ ಸಾವಿರ ಸಂಖ್ಯೆಯಲ್ಲಿ ಬೀದಿಗಿಳಿದರು. ಎರಡನೇ ದಿನವೇ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಆ ದಿನಗಳ ಚಿತ್ರಗಳನ್ನು ನೆನೆದರೆ ನನ್ನ ಕಣ್ಣಿಗೆ ಬರುವುದು ಬರಿಯ ಗುಂಪು. ದೇಶದ ಸರ್ಕಾರವನ್ನೇ ಮಣಿಸಿದ ಆ ಹೆಂಗಸರಲ್ಲಿ ಒಬ್ಬಾಕೆಯ ಮುಖವೂ ನೆನಪಿಗೆ ಬರುವುದಿಲ್ಲ. ಅವರೇನೂ ನಮಗೆ ದೂರದವರಲ್ಲ. ಈಗ 2025ರ ಆಗಸ್ಟಿನಿಂದ ಹಳದಿ ಮಾರ್ಗದ ಮೆಟ್ರೊ ಆರ್.ವಿ. ರಸ್ತೆಯಿಂದ ಬಿಟಿಎಂ, ಬೊಮ್ಮನಹಳ್ಳಿ ದಾಟಿ ಬೊಮ್ಮಸಂದ್ರದವರೆಗೆ ಓಡುತ್ತಿದೆ. ಬಟ್ಟೆ ಕೊಳ್ಳುವ ಜಯನಗರಕ್ಕೂ ಬಟ್ಟೆ ಹೊಲಿಯುವ ಬೊಮ್ಮನಹಳ್ಳಿಗೂ ನಡುವೆ ಕೆಲವೇ ನಿಲ್ದಾಣ.

ಸಾಹಿತಿಗಳ, ಕಲಾವಿದರ ಮುಖಗಳನ್ನು ನಮಗಾಗಿ ಉಳಿಸಿಕೊಟ್ಟ ಕೆ.ಜಿ. ಸೋಮಶೇಖರ್, ಎ.ಎನ್. ಮುಕುಂದ ಅವರಂಥ ಛಾಯಾಗ್ರಾಹಕರು ಕನ್ನಡಕ್ಕೆ ಸಿಕ್ಕಿದ್ದಾರೆ. ಅದು ನಮ್ಮ ಭಾಗ್ಯ. ದುಡಿಯುವವರಿಗೆ ಆ ಭಾಗ್ಯವಿಲ್ಲ. ಅವರು ಕ್ಯಾಮೆರಾದ ಮುಂದೆ ಒಬ್ಬರೇ ಕೂತಿದ್ದೆಂದರೆ ಆಧಾರ್ ಕಾರ್ಡಿಗೆ, ರೇಷನ್ ಕಾರ್ಡಿಗೆ, ಕಾರ್ಖಾನೆಯ ಗುರುತಿನ ಚೀಟಿಗೆ. ‘ನೇರ ನೋಡಿ, ಅಲ್ಲಾಡಬೇಡಿ, ಆಯ್ತು, ಏಳಿ.’ ಆ ಮೇಲೆ ಒಂದು ದಿನ ಅವರು ತೀರಿಕೊಂಡಾಗ ಮನೆಯವರು ಯಾವುದೋ ಮದುವೆಯ ಗ್ರೂಪ್ ಫೋಟೊ ಹಿಡಿದುಕೊಂಡು ಸ್ಟುಡಿಯೊಗೆ ಓಡುತ್ತಾರೆ. ಗುಂಪಿನಿಂದ ತಲೆಯೊಂದನ್ನು ಕತ್ತರಿಸಿ, ನೀಲಿ ಹಿನ್ನೆಲೆ ಹಾಕಿ, ದೊಡ್ಡದು ಮಾಡಿ ಹಾರ ಹಾಕುತ್ತಾರೆ. ಪಕ್ಕದಲ್ಲಿ ನಿಂತಿದ್ದವರ ಭುಜ ಇನ್ನೂ ಅಂಚಿನಲ್ಲಿ ಕಾಣುತ್ತಿರುತ್ತದೆ. ಹೀಗೆ ಒಬ್ಬ ಮನುಷ್ಯನ ಮೊದಲ ಭಾವಚಿತ್ರವೇ ಶ್ರದ್ಧಾಂಜಲಿಯ ಚಿತ್ರವಾಗುವುದು ನನಗೆ ಸಹಿಸಲಾಗದ ಸಂಗತಿ.

ಹಿರಿಯರು ಕೂತವರಿಗೆಲ್ಲ ಪ್ರಿಂಟ್ ಹಾಕಿಸಿ ಕೊಟ್ಟರು. ಆ ಅಕ್ಕ ತಮ್ಮದನ್ನು ನೋಡಿ ಮೊದಲು ಅಂದದ್ದು, ‘ನಮ್ಮಮ್ಮನ ಥರಾನೇ ಇದೀನಲ್ಲ!’ ಅಮ್ಮನ ಒಂದು ಫೋಟೊವೂ ಅವರ ಮನೆಯಲ್ಲಿ ಇಲ್ಲವಂತೆ.

ಫ್ಯಾಷನ್ ವೀಕ್ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಸಭಾಂಗಣದ ಒಂದು ಗೋಡೆಯನ್ನು ಬಟ್ಟೆ ಹೊಲಿದವರ ಭಾವಚಿತ್ರಗಳಿಗೆ ಬಿಡಿ, ಕೆಳಗೆ ಅವರ ಹೆಸರು ಬರೆಯಿರಿ. ಓದುಗರಲ್ಲೂ ಒಂದು ಮಾತು. ಬನಶಂಕರಿಯಲ್ಲಿರಲಿ, ಜೆ.ಪಿ. ನಗರದಲ್ಲಿರಲಿ, ನಿಮ್ಮ ಬೀದಿಯಲ್ಲಿ ಫಾಲ್ಸ್ ಹಾಕುವವರು, ಇಸ್ತ್ರಿಯವರು, ಬ್ಲೌಸ್ ಹೊಲಿಯುವವರು ಇದ್ದೇ ಇರುತ್ತಾರೆ. ಅವರನ್ನು ಕೇಳಿ. ಒಪ್ಪಿದರೆ ಅಂಗಡಿ ಬಾಗಿಲ ಬೆಳಕಿಗೆ ಕೂರಿಸಿ, ಅವಸರ ಮಾಡದೆ ಒಂದು ಚಿತ್ರ ತೆಗೆಯಿರಿ. ನಿಮ್ಮ ಫೋನೇ ಸಾಕು. ಫೋನಿನಿಂದ ಫೋನಿಗೆ ಕಳಿಸಿ ಸುಮ್ಮನಾಗಬೇಡಿ, ದೊಡ್ಡ ಪ್ರಿಂಟ್ ಹಾಕಿಸಿ ಕೈಗೆ ಕೊಡಿ. ಅದಕ್ಕಾಗುವ ಖರ್ಚು ಒಂದು ದೋಸೆ, ಒಂದು ಕಾಫಿಯಷ್ಟು.