‘ನೋಡಿದೆ’ ಎಂಬ ರುಜು

ಕೆಲವು ವಾರಗಳ ಹಿಂದೆ, ಒಂದು ಭಾನುವಾರ ನನ್ನ ತಂಗಿಯ ಮಗ ಮನೆಗೆ ಬಂದಿದ್ದ. ಬೆಂಗಳೂರಿನ ಹೊರವಲಯದ ಕಂಪನಿಯೊಂದರಲ್ಲಿ ಅವನ ಕೈಕೆಳಗೆ ನಲವತ್ತು ಜನ. ಕಾಫಿ ಕುಡಿಯುತ್ತಿದ್ದಂತೆ ಜೇಬಿನಿಂದ ಬಣ್ಣದ ಹಾಳೆಯೊಂದನ್ನು ತೆಗೆದು ನನ್ನ ಮುಂದಿಟ್ಟ. “ಮಾವ, ನೀವು ಮೂವತ್ತು ವರ್ಷ ಕಾಗದ ಓದಿಯೇ ಸಂಬಳ ತೆಗೆದುಕೊಂಡವರು. ಇದಕ್ಕೆ ದುಡ್ಡು ಹಾಕಬಹುದೇ, ನೀವೇ ಹೇಳಿ” ಎಂದ.

ಬೇಗ ಓದುವುದನ್ನು ಕಲಿಸುವ ಶಿಬಿರದ ಜಾಹೀರಾತು ಅದು. ನಿಮಿಷಕ್ಕೆ 250 ಪದ ಓದುವವನು ಎರಡು ದಿನಗಳಲ್ಲಿ 750 ಪದ ಓದುವವನಾಗುತ್ತಾನೆ. ಅರ್ಥಗ್ರಹಣಕ್ಕೆ ಯಾವ ಕುಂದೂ ಬಾರದು. ಶುಲ್ಕ ತಲೆಗೆ 12,000 ರೂಪಾಯಿ. ಹುಡುಗ ಲೆಕ್ಕವನ್ನೂ ಮಾಡಿಕೊಂಡು ಬಂದಿದ್ದ. ನಲವತ್ತು ಜನಕ್ಕೆ 4,80,000 ರೂಪಾಯಿ. ಅದರ ಮೇಲೆ ಎರಡು ದಿನದ ಸಂಬಳ. ಒಬ್ಬೊಬ್ಬರೂ ದಿನಕ್ಕೆ ಎರಡು ಗಂಟೆ ಓದುತ್ತಾರೆಂದು ಹಿಡಿದರೆ, ವೇಗ ಮೂರರಷ್ಟಾದಾಗ ಆ ಓದು 40 ನಿಮಿಷಕ್ಕೆ ಮುಗಿಯಬೇಕು. ಉಳಿಯುವುದು 80 ನಿಮಿಷ. ವರ್ಷಕ್ಕೆ 240 ದಿನ ಕೆಲಸವೆಂದರೆ ನಲವತ್ತು ಜನರಿಂದ 12,800 ಗಂಟೆ! ಇಷ್ಟು ಗಂಟೆಗಳನ್ನು ಯಾವ ಪೆಟ್ಟಿಗೆಯಲ್ಲಿ ತುಂಬಿಡುತ್ತೀಯಪ್ಪಾ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಗುಣಾಕಾರದಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದರೆ ಅದು ಗುಣಾಕಾರಕ್ಕೆ ಮುಂಚೆಯೇ ಇರಬೇಕು. ಓದುವ ಎರಡು ಗಂಟೆಯೂ ಬರಿಯ ಕಣ್ಣಿನ ದುಡಿಮೆ ಎಂದು ಅವನು ಒಪ್ಪಿಕೊಂಡುಬಿಟ್ಟಿದ್ದ.

ಯೋಚಿಸಿ ಹೇಳುತ್ತೇನೆ ಎಂದು ಅವನನ್ನು ಕಳಿಸಿದೆ. ಯೋಚಿಸಿದಷ್ಟೂ ಇದು ಹಣದ ಪ್ರಶ್ನೆಯೊಂದೇ ಅಲ್ಲವೆಂದು ತೋರಿತು.

ಈ ವಿದ್ಯೆ ಹೊಸದಲ್ಲ. ಅಮೆರಿಕದ ಯೂಟಾ ಸಂಸ್ಥಾನದ ಉಪಾಧ್ಯಾಯಿನಿ ಎವೆಲಿನ್ ವುಡ್ ಎಂಬಾಕೆ 1959ರಲ್ಲಿ ‘ರೀಡಿಂಗ್ ಡೈನಮಿಕ್ಸ್’ ಎಂಬ ಹೆಸರಿನಿಂದ ಇದನ್ನು ಪೇಟೆಗೆ ತಂದರು. ಆಕೆ ತಮ್ಮ ಪ್ರಬಂಧವನ್ನು ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರಿಗೆ ಒಪ್ಪಿಸಿದಾಗ, ಅವರು ಹಾಳೆ ಮಗುಚಿದಷ್ಟೇ ಬೇಗ ಅದನ್ನು ಓದಿ ಮುಗಿಸಿ ಗುಣದೋಷಗಳನ್ನೂ ಹೇಳಿಬಿಟ್ಟರಂತೆ. ಆಕೆಯ ಹಂಬಲ ಹುಟ್ಟಿದ್ದು ಅಲ್ಲಿ. ಬೆರಳನ್ನು ಪುಟದ ಮೇಲಿನಿಂದ ಕೆಳಗೆ ಸರಿಸುತ್ತ ಕಣ್ಣನ್ನು ಅದರ ಹಿಂದೆ ಅಟ್ಟುವುದು, ಮನಸ್ಸಿನೊಳಗೆ ಪದಗಳನ್ನು ಉಚ್ಚರಿಸದಿರುವುದು, ಓದಿ ದಾಟಿದ್ದನ್ನು ಮತ್ತೆ ಹಿಂದಿರುಗಿ ನೋಡದಿರುವುದು – ಇವು ಈ ಪಂಥದ ಮೂಲಮಂತ್ರಗಳು. ಅಧ್ಯಕ್ಷ ಕೆನೆಡಿ ನಿಮಿಷಕ್ಕೆ 1,200 ಪದ ಓದುತ್ತಾರೆಂಬ ಸುದ್ದಿ 1961ರಲ್ಲಿ ಊರೆಲ್ಲ ಹಬ್ಬಿತ್ತು. ಅಧ್ಯಕ್ಷ ಕಾರ್ಟರ್ ಅವರಂತೂ 1977ರಲ್ಲಿ ಶ್ವೇತಭವನದೊಳಗೇ ಪಾಠ ಹೇಳಿಸಿಕೊಂಡರು. ದೊರೆ ಕಲಿತ ವಿದ್ಯೆಯನ್ನು ಗುಮಾಸ್ತ ಬೇಡವೆನ್ನುವುದುಂಟೇ?

ಆದರೆ ಕಣ್ಣಿಗೆ ದೊರೆಯೂ ಒಂದೇ, ಗುಮಾಸ್ತನೂ ಒಂದೇ. ಅದು ಸಾಲಿನ ಮೇಲೆ ನೀರಿನಂತೆ ಹರಿಯುವುದಿಲ್ಲ, ಗುಬ್ಬಚ್ಚಿಯಂತೆ ಕುಪ್ಪಳಿಸುತ್ತದೆ. ಫ್ರಾನ್ಸಿನ ನೇತ್ರವೈದ್ಯ ಎಮಿಲ್ ಜವಾಲ್ ಇದನ್ನು 1870ರ ದಶಕದ ಕೊನೆಗೇ ಬರೆದಿದ್ದರು. ಇಂಗ್ಲಿಷ್ ಓದುವಾಗ ಒಂದು ನೆಗೆತಕ್ಕೆ ಏಳೆಂಟು ಅಕ್ಷರ, ಒಂದು ನಿಲುಗಡೆಗೆ ಹೆಚ್ಚುಕಡಿಮೆ ಕಾಲು ಸೆಕೆಂಡು. ನಿಂತ ಕಡೆಯಲ್ಲಿ ನಿಚ್ಚಳವಾಗಿ ಕಾಣುವ ಜಾಗ ಬಹಳ ಕಿರಿದು. ಪುಟದ ನಡುವೆ ಬೆರಳಿಳಿಸಿಕೊಂಡು ಹೋದರೆ ಎಡಬಲದ ಪದಗಳನ್ನು ನಾವು ಕಾಣುವುದಿಲ್ಲ, ಊಹಿಸುತ್ತೇವೆ. ಬೆಲ್ಜಿಯಮ್ಮಿನ ಮನಶ್ಶಾಸ್ತ್ರಜ್ಞ ಮಾರ್ಕ್ ಬ್ರಿಸ್ಬಾರ್ಟ್ 2019ರಲ್ಲಿ 190 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು: ವಯಸ್ಕರು ಇಂಗ್ಲಿಷಿನ ಕಥೆಯಲ್ಲದ ಬರಹವನ್ನು ಮೌನವಾಗಿ ಓದುವ ಸರಾಸರಿ ವೇಗ ನಿಮಿಷಕ್ಕೆ 238 ಪದ. ಕೀತ್ ರೇನರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ದೀರ್ಘ ಸಮೀಕ್ಷೆಯ ತಾತ್ಪರ್ಯವೂ ಕಟುವಾದುದೇ. ವೇಗವನ್ನು ಬಹಳ ಏರಿಸಿದರೆ ಗ್ರಹಿಕೆ ಇಳಿಯುತ್ತದೆ. ಎರಡನ್ನೂ ಒಟ್ಟಿಗೆ ಕೊಡುವ ಉಪಾಯವಿಲ್ಲ. ಹಿಂದಿರುಗಿ ನೋಡುವುದೂ ದುರಭ್ಯಾಸವಲ್ಲ; ಅರ್ಥ ಎಲ್ಲಿಯೋ ತಪ್ಪಿತು ಎಂದು ಮನಸ್ಸು ಕಣ್ಣನ್ನು ವಾಪಸು ಕರೆಯುವ ರೀತಿ ಅದು.

ಇನ್ನೊಂದು ಪರೀಕ್ಷೆ ನನ್ನ ಸೋದರಳಿಯನಿಗೆ ಹೆಚ್ಚು ಉಪಯುಕ್ತ. ಮಾರ್ಸೆಲ್ ಜಸ್ಟ್ ಮತ್ತು ಪೆಟ್ರಿಷಿಯಾ ಕಾರ್ಪೆಂಟರ್ ತಮ್ಮ 1987ರ ಪುಸ್ತಕದಲ್ಲಿ ವಿವರಿಸಿರುವಂಥದು. ಶಿಬಿರದಲ್ಲಿ ಪಳಗಿದವರು ಒಂದು ಗುಂಪು. ಏನೂ ಕಲಿಯದೆ ಸುಮ್ಮನೆ ಮೇಲುಮೇಲಕ್ಕೆ ಕಣ್ಣಾಡಿಸಿರೆಂದು ಹೇಳಿಸಿಕೊಂಡವರು ಇನ್ನೊಂದು. ತಮ್ಮ ಪಾಡಿಗೆ ತಾವು ಓದುವವರು ಮೂರನೆಯದು. ಸುಲಭವಾದ ಬರಹದ ಸಾರ ಹೇಳುವುದರಲ್ಲಿ ಪಳಗಿದವರು ಕಣ್ಣಾಡಿಸಿದವರಿಗಿಂತ ತುಸು ಮೇಲಾದರು. ಬರಹ ಕಠಿಣವಾದಾಗ, ವಿವರ ಕೇಳಿದಾಗ, ಆ ಮೇಲ್ಮೆ ಉಳಿಯಲಿಲ್ಲ, ನಿಧಾನಿಗಳೇ ಗೆದ್ದರು. ಅಂದರೆ 12,000 ರೂಪಾಯಿಗೆ ಕೊಳ್ಳುವ ಸರಕಿನ ಬಹುಭಾಗ, ‘ಸ್ವಲ್ಪ ಮೇಲುನೋಟ ನೋಡಪ್ಪಾ’ ಎಂಬ ಒಂದು ಮಾತಿಗೆ ಪುಕ್ಕಟೆ ದೊರೆಯುತ್ತದೆ.

ಹಾಗಾದರೆ ಆ ಪ್ರಾಧ್ಯಾಪಕರು? ಬೇಗ ಓದುವವರು ಇಲ್ಲವೇ ಇಲ್ಲವೆಂದು ನಾನೂ ಹೇಳಲಾರೆ. ನಮ್ಮ ಕಚೇರಿಯಲ್ಲಿ ಒಬ್ಬ ಹೆಡ್ ಗುಮಾಸ್ತರಿದ್ದರು. ಫೈಲಿನ ದಾರ ಬಿಚ್ಚುವಷ್ಟರಲ್ಲಿ ಅದರ ಜಾತಕವನ್ನೇ ಹೇಳಿಬಿಡುವರು. ಅವರು ಕಣ್ಣಿನ ವ್ಯಾಯಾಮ ಮಾಡಿದವರಲ್ಲ. ಇಪ್ಪತ್ತಾರು ವರ್ಷ ಅಂಥವೇ ಫೈಲುಗಳನ್ನು ಓದಿದವರು. ಮುಂದಿನ ಸಾಲಿನಲ್ಲಿ ಏನು ಬಂದೀತೆಂದು ಅವರಿಗೆ ಮೊದಲೇ ಗೊತ್ತು. ಯೂಟಾದ ಪ್ರಾಧ್ಯಾಪಕರೂ ವಿದ್ಯಾರ್ಥಿಗಳ ಪ್ರಬಂಧಗಳನ್ನು ಓದಿ ಓದಿ ನುರಿತವರೇ ಆಗಿದ್ದಿರಬೇಕು. ವೇಗ ವಿಷಯಜ್ಞಾನದ ಹಿಂದೆ ಬರುವ ನೆರಳು. ನೆರಳನ್ನು ಎರಡು ದಿನದಲ್ಲಿ ಮಾರುತ್ತೇವೆಂಬ ಜಾಹೀರಾತನ್ನು ನಂಬುವುದು ಹೇಗೆ?

ನಮ್ಮ ಹಿಂದಿನವರು ಈ ಆತುರವನ್ನು ಕಂಡಿದ್ದರೆಂದು ತೋರುತ್ತದೆ. ‘ಪಾಣಿನೀಯ ಶಿಕ್ಷೆ’ಯಲ್ಲಿ ಆರು ಬಗೆಯ ಅಧಮ ಪಾಠಕರ ಪಟ್ಟಿಯಿದೆ: ರಾಗ ಎಳೆಯುವವನು, ಅವಸರ ಮಾಡುವವನು, ತಲೆಯಾಡಿಸುವವನು, ಬರೆದದ್ದನ್ನು ನೋಡಿಕೊಂಡು ಓದುವವನು, ಅರ್ಥವರಿಯದವನು, ದನಿ ಉಡುಗಿದವನು. ಆ ಮಾತು ವೇದಪಾಠದ್ದು, ಕಚೇರಿಯ ಟಿಪ್ಪಣಿಯದಲ್ಲ. (ಬರೆದದ್ದನ್ನು ನೋಡಿ ಓದುವವನೂ ಅಧಮನಾದರೆ ನಮ್ಮಲ್ಲಿ ಉಳಿಯುವವರು ಯಾರು!) ಆದರೂ ಅವಸರದವನನ್ನೂ ಅರ್ಥವರಿಯದವನನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದಾರೆ ಎಂಬುದನ್ನು ಮರೆಯಲಾಗದು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ನಾನು ಅಪ್ರಾಮಾಣಿಕನಾಗುತ್ತೇನೆ. ಏಕೆಂದರೆ ಈ ವಿದ್ಯೆಯನ್ನು ನಾನೂ ಕಲಿತಿದ್ದೆ. 1986ರ ಮಾತು. ಫುಟ್‌ಪಾತಿನಲ್ಲಿ ಹಳೆಯ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಮೂರು ತಿಂಗಳು ಬೆಳಗ್ಗೆ ಎದ್ದು ಬೆರಳು ಸರಿಸಿ ಅಭ್ಯಾಸ ಮಾಡಿದೆ. ಫಲವೂ ಕಂಡಿತು. ಸಂಜೆ ಐದಕ್ಕೆ ನನ್ನ ಮೇಜು ಬರಿದಾಗಿರುತ್ತಿತ್ತು. ಪಕ್ಕದವರ ಮೇಜಿನ ಮೇಲೆ ಫೈಲುಗಳ ಗೋಪುರ. ಮೇಲಧಿಕಾರಿಗಳು ನಾಲ್ಕು ಜನರ ಮುಂದೆ ಹೊಗಳಿದರು. ಎಷ್ಟು ಕಾಗದ ಹೋಯಿತೆಂದು ಎಣಿಸುತ್ತಿದ್ದರು, ನಾನೂ ಎಣಿಸುತ್ತಿದ್ದೆ.

ಆ ಕಾಲದಲ್ಲಿ ಒಬ್ಬ ವಿಧವೆಯ ಅರ್ಜಿ ಬಂತು. ಅವರ ಯಜಮಾನರು ನಮ್ಮ ಇಲಾಖೆಯಲ್ಲೇ ಜವಾನರಾಗಿದ್ದು ತೀರಿಕೊಂಡಿದ್ದವರು. ಮೂರು ಪುಟದ ಕಾಗದ. ಮೊದಲ ಪುಟವೆಲ್ಲ ಸಾಹೇಬರ ಪಾದಾರವಿಂದಗಳಿಗೆ ನಮಸ್ಕಾರ, ಎರಡನೆಯ ಪುಟ ಮಕ್ಕಳ ಕಷ್ಟ. ವಿಷಯ ಮೂರನೆಯ ಪುಟದ ನಡುವೆ ಇತ್ತು. ಸತ್ತವರ ಹೆಸರಿನಲ್ಲಿ ಮುಂಗಡವೊಂದು ಲೆಕ್ಕದಲ್ಲಿ ಬಿದ್ದಿತ್ತು. ಅದನ್ನು ಆಕೆಯ ಕುಟುಂಬ ಪಿಂಚಣಿಯಿಂದ ತಿಂಗಳು ತಿಂಗಳೂ ಮುರಿದುಕೊಳ್ಳುತ್ತಿದ್ದರು. ‘ನಮ್ಮವರ ಕೈಗೆ ಮುಟ್ಟದ ಹಣ’ ಎಂದು ಆಕೆ ಬರೆದಿದ್ದರು. ನಾನು ‘ಮುಟ್ಟಿದ ಹಣ’ ಎಂದು ಓದಿದೆ. ಅರ್ಜಿದಾರರೇ ಒಪ್ಪಿಕೊಂಡಿರುವುದರಿಂದ ವಸೂಲಿಯನ್ನು ಮುಂದುವರಿಸಬಹುದು ಎಂದು ಷರಾ ಬರೆದು, ರುಜು ಹಾಕಿ, ಫೈಲನ್ನು ಮೇಲಕ್ಕೆ ಕಳಿಸಿದೆ. ಮೇಲಿದ್ದವರು ‘ನೋಡಿದೆ’ ಎಂದು ಬರೆದು ರುಜು ಹಾಕಿದರು.

ಇಂಗ್ಲಿಷಿನ ಪಟ್ಟುಗಳನ್ನು ಕನ್ನಡಕ್ಕೆ ಹಚ್ಚುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇಂಗ್ಲಿಷಿನಲ್ಲಿ ಇಲ್ಲವೆನ್ನುವ ಪದ ಬಹುಮಟ್ಟಿಗೆ ಬೇರೆಯಾಗಿ ನಿಂತಿರುತ್ತದೆ. ನಮ್ಮಲ್ಲಿ ಅದು ಪದದ ಹೊಟ್ಟೆಯೊಳಗೇ ಅಡಗಿರುತ್ತದೆ. ‘ಕಟ್ಟಿದ ಕಂದಾಯ’ಕ್ಕೂ ‘ಕಟ್ಟದ ಕಂದಾಯ’ಕ್ಕೂ ನಡುವೆ ಇರುವುದು ಒಂದು ಗುಡಿಸು. ‘ಮಾಡಬಹುದು’, ‘ಮಾಡಬಾರದು’ ದೂರದಿಂದ ಅಣ್ಣತಮ್ಮಂದಿರಂತೆ ಕಾಣುತ್ತವೆ. ಪದ ಎಣಿಸುವ ಲೆಕ್ಕವೂ ನಮಗೆ ಒಗ್ಗದು. ‘ಬರಲಾಗುವುದಿಲ್ಲವೆಂದು’ ಎಂಬ ನಮ್ಮ ಒಂದು ಪದಕ್ಕೆ ಅವರು ನಾಲ್ಕೈದು ಪದ ಖರ್ಚು ಮಾಡಬೇಕು.

ಏಳು ತಿಂಗಳ ಮೇಲೆ ಆಕೆಯೇ ಬಸ್ಸು ಹಿಡಿದು ಕಚೇರಿಗೆ ಬಂದರು. ಫೈಲು ತರಿಸಿ, ಆ ಸಾಲನ್ನು ನನ್ನ ಮುಂದೆ ಹಿಡಿದಾಗ, ಗುಡಿಸಿಲ್ಲದ ಆ ಟಕಾರ ನನ್ನನ್ನೇ ದಿಟ್ಟಿಸಿ ನೋಡಿದಂತಾಯಿತು. ಬಾಯಿಂದ ಮಾತು ಹೊರಡಲಿಲ್ಲ. ಆಕೆ ನನ್ನ ಮುಖ ನೋಡಿ, “ನನ್ನ ಅಕ್ಷರ ಅಷ್ಟು ಚೆನ್ನಾಗಿಲ್ಲ ಸ್ವಾಮಿ” ಎಂದರು. ಅಕ್ಷರ ಮುತ್ತಿನಂತಿತ್ತು.

ಮುರಿದ ಹಣ ಆಮೇಲೆ ಹಿಂದಕ್ಕೆ ಹೋಯಿತು. ನಿಧಾನವಾಗಿ ಓದುವವನಿಗೂ ಒಂದು ಗುಡಿಸು ತಪ್ಪಬಹುದಲ್ಲ ಎಂದು ನೀವು ಸಮಾಧಾನ ಹೇಳಬಹುದು; ನಾನೂ ಹೇಳಿಕೊಂಡಿದ್ದೇನೆ. ಆದರೆ ಸಾಲದಿಂದ ತಪ್ಪಿಸಿಕೊಳ್ಳಲು ಅರ್ಜಿ ಬರೆದವರು ಸಾಲವನ್ನು ತಾವೇ ಒಪ್ಪಿಕೊಂಡಾರೇ? ಒಂದು ಸಲ ಹಿಂದಿರುಗಿ ನೋಡಿದ್ದರೆ ಸಾಕಿತ್ತು. ಹಿಂದಿರುಗಬಾರದೆಂದೇ ನಾನು ಮೂರು ತಿಂಗಳು ಸಾಧನೆ ಮಾಡಿದ್ದೆ.

ಸೋದರಳಿಯನ ಲೆಕ್ಕದ ಹಾಳೆಯಲ್ಲಿ ನನಗೆ ಕಾಣದೆ ಹೋದದ್ದು ಇದೇ. ಶುಲ್ಕವಿದೆ, ಸಂಬಳವಿದೆ, ಉಳಿತಾಯವಿದೆ. ಕಾಗದ ಬರೆದವರು ಇಲ್ಲ. ತಪ್ಪು ಓದಿನ ವೆಚ್ಚ ಓದಿದವನ ಖಾತೆಗೆ ಬೀಳುವುದು ಅಪರೂಪ. ಅದನ್ನು ತೆರುವವರು ಬೇರೆಲ್ಲಿಯೋ, ಬೇರೊಂದು ಊರಿನಲ್ಲಿ, ತಿಂಗಳ ಕೊನೆಯಲ್ಲಿ ಅಂಗಡಿಯವನಿಗೆ ಸಮಜಾಯಿಷಿ ಹೇಳುತ್ತಿರುತ್ತಾರೆ. ಒಂದು ಕಾಗದಕ್ಕೆ ಓದಿದೆನೆಂದು ರುಜು ಹಾಕುವುದು ಆ ಅಪರಿಚಿತರಿಗೆ ಕೊಡುವ ಒಂದು ಮಾತು. ಹಳೆಯ ಅಧಿಕಾರಿಗಳು ‘ನೋಡಿದೆ’ ಎಂದು ಬರೆಯುತ್ತಿದ್ದುದನ್ನು ಆಗ ಹಾಸ್ಯ ಮಾಡುತ್ತಿದ್ದೆವು. ಈಗ ಅನಿಸುತ್ತದೆ, ‘ಓದಿದೆ’ ಎನ್ನಲಿಲ್ಲವಲ್ಲ, ಅಷ್ಟರಮಟ್ಟಿಗೆ ಅವರು ಸತ್ಯವಂತರು. ನೋಟ ಬೇಡವೆಂದಲ್ಲ. ರಾಶಿಯಲ್ಲಿ ಯಾವುದನ್ನು ಓದಬೇಕು, ಯಾವುದನ್ನು ಪಕ್ಕಕ್ಕಿಡಬೇಕು ಎಂದು ಆರಿಸಲು ಮೇಲುನೋಟ ಬೇಕೇ ಬೇಕು. ಅದಕ್ಕೆ ಓದೆಂಬ ಹೆಸರಿಟ್ಟು ಷರಾ ಬರೆಯುವುದು ತಪ್ಪು.

ಮುಂದಿನ ಬಾರಿ ಬಂದಾಗ ಅವನನ್ನು ಒಂದು ಮಾತು ಕೇಳಿದೆ: ನಿನ್ನ ಜನ ಓದುವ ಆ ಎರಡು ಗಂಟೆಯ ಕಾಗದ ಯಾರು ಬರೆದದ್ದು? ಲೆಕ್ಕ ಹಾಕಿ ನಕ್ಕ. ಮುಕ್ಕಾಲು ಪಾಲು ಅವರವರೇ ಒಬ್ಬರಿಗೊಬ್ಬರು ಬರೆದು, ಇರಲಿ ಎಂದು ಇನ್ನು ಹತ್ತು ಜನಕ್ಕೆ ಪ್ರತಿ ಕಳಿಸಿದ್ದು! ಚರ್ಚಿಲ್ 1940ರ ಆಗಸ್ಟ್ 9ರಂದು, ಬಾಂಬು ಬೀಳುವ ಕಾಲದಲ್ಲಿ, ವರದಿಗಳನ್ನು ಚುಟುಕಾಗಿ ಬರೆಯಿರೆಂದು ತನ್ನ ಅಧಿಕಾರಿಗಳಿಗೆ ಟಿಪ್ಪಣಿ ಕಳಿಸಿದ್ದ ಕಥೆ ಹೇಳಿದೆ. ಬೇಗ ಓದಿರಿ ಎಂದು ಅವನು ಹೇಳಲಿಲ್ಲ. ಹೊರೆಯನ್ನು ಬರೆಯುವವನ ಹೆಗಲಿಗೆ ಹಾಕಿದ. ಅದಕ್ಕೆ ಶಿಬಿರ ಬೇಕಿಲ್ಲ.

“ಹಾಗಾದರೆ ಬೇಡವೆನ್ನುತ್ತೀರಾ ಮಾವ?” ಎಂದ. ನಾನು ಹೇಳಿದೆ ಎಂದು ಬಿಡಬೇಡ, ಪರೀಕ್ಷೆ ಮಾಡು ಎಂದೆ. ಎವೆಲಿನ್ ವುಡ್ ಶಾಲೆ ತೆರೆದ ಆ 1959ರಲ್ಲೇ ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬವರು, ತರಬೇತಿ ಸಾರ್ಥಕವಾಯಿತೇ ಎಂದು ನಾಲ್ಕು ಮೆಟ್ಟಿಲಲ್ಲಿ ಕೇಳಬೇಕೆಂದು ಬರೆಯತೊಡಗಿದ್ದರು: ಕಲಿತವರಿಗೆ ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ನಡೆ ಬದಲಾಯಿತೇ, ಸಂಸ್ಥೆಗೆ ಫಲ ದೊರೆಯಿತೇ. ಶಿಬಿರದವರು ಮೊದಲ ಮೆಟ್ಟಿಲಿನಲ್ಲೇ ಚಪ್ಪಾಳೆ ತಟ್ಟಿಸಿ ಹಣ ಎಣಿಸಿಕೊಳ್ಳುತ್ತಾರೆ. ನೀನು ಹತ್ತು ಜನರನ್ನು ಶಿಬಿರಕ್ಕೆ ಕಳಿಸು. ಇನ್ನು ಹತ್ತು ಜನಕ್ಕೆ ಬೇಗ ಕಣ್ಣಾಡಿಸಿ ಎಂದಷ್ಟೇ ಹೇಳು. ಆರು ವಾರ ಬಿಟ್ಟು ಎರಡು ಗುಂಪಿಗೂ ನಿಮ್ಮ ಕಚೇರಿಯ ಕಾಗದಗಳನ್ನೇ ಕೊಟ್ಟು, ಒಳಗೆ ಏನಿತ್ತೆಂದು ಕೇಳು. ಅವರು ತಂದ ಸುಲಭದ ಕಥೆ ಬೇಡ; ಓದದೆಯೇ ಉತ್ತರ ಊಹಿಸಬಹುದಾದ ಪ್ರಶ್ನೆಯೂ ಬೇಡ.

ಗುರುವಾರ ಫೋನು ಮಾಡಿದ. ಹತ್ತೇ ಜನರನ್ನು ಕಳಿಸುವುದೆಂದು ಗೊತ್ತಾಗಿದೆ. ಪರೀಕ್ಷೆಗೆ ಕಾಗದಗಳನ್ನು ನೀವೇ ಆರಿಸಿಕೊಡಿ ಎಂದು ಒಂದು ಕಟ್ಟನ್ನೂ ಕಳಿಸಿದ್ದಾನೆ. ಅದರ ಜೊತೆಗೆ ಆ ಮೂರು ಪುಟದ ಅರ್ಜಿಯನ್ನೂ ಸೇರಿಸಬೇಕೆಂದು ನನಗೆ ಆಸೆ. ಮೂಲ ಪ್ರತಿ ಈಗ ಎಲ್ಲಿ ಸಿಕ್ಕೀತು? ನೆನಪಿನಿಂದ ಬರೆಯಲು ಕುಳಿತಿದ್ದೇನೆ. ನಮಸ್ಕಾರಗಳನ್ನೂ ಮಕ್ಕಳ ಹೆಸರುಗಳನ್ನೂ ನಾನೇ ಕಲ್ಪಿಸಿಕೊಳ್ಳಬೇಕಾಗಿದೆ; ಏಕೆಂದರೆ ಅವನ್ನು ನಾನು ಓದಿಯೇ ಇರಲಿಲ್ಲ.